ತರಗತಿಯ ಹೊರಗಿನ ಶಾಲೆ: ರಾಯಚೂರು ಸೀಮೆಯ ಒಂದು ಅವಲೋಕನ

ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ನಡೆಯುವ ಆಟ, ಹಾಡು, ನಾಟಕ, ಚರ್ಚಾಕೂಟಗಳನ್ನು ನಮ್ಮ ಶಿಕ್ಷಣ ಚರಿತ್ರೆಗಳು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ‘ಪಠ್ಯೇತರ’ ಎಂಬ ಹೆಸರೇ ಅವುಗಳನ್ನು ಅಂಚಿಗೆ ತಳ್ಳಿದೆ. ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯ ಮಟ್ಟಿಗೆ ಈ ವಿಂಗಡಣೆ ಸಲ್ಲದು. ಇಲ್ಲಿ ಒಂದು ಕಾಲಕ್ಕೆ ಕನ್ನಡದ ಹುಡುಗನೊಬ್ಬ ತನ್ನ ಭಾಷೆಯನ್ನೂ ಸಾರ್ವಜನಿಕ ನಡೆನುಡಿಯನ್ನೂ ಕಲಿತದ್ದು ತರಗತಿಯ ಒಳಗಿಗಿಂತ ಹೆಚ್ಚಾಗಿ ಅದರ ಹೊರಗೆ.

ದೇವದುರ್ಗ ತಾಲೂಕಿನ ಮಸರಕಲ್‌ನಂತಹ ಊರುಗಳಲ್ಲಿ ಶಾಲೆಗಿಂತ ಮೊದಲೇ ಕಲಿಕೆಯ ತಾಣಗಳಿದ್ದವು. ಈ ಸೀಮೆಯ ಹಳ್ಳಿಗಳಲ್ಲಿ ಗರಡಿಮನೆ ಇತ್ತು. ಸುಗ್ಗಿ ಮುಗಿದ ಮೇಲೆ ಬಯಲಾಟದ ತಾಲೀಮು ಇತ್ತು. ಮೊಹರಂ ಬಂದರೆ ಹೆಜ್ಜೆಮೇಳ, ರಿವಾಯತ್ ಪದಗಳಿದ್ದವು. ಕಾರಹುಣ್ಣಿಮೆಗೆ ಗುಂಡು ಎತ್ತುವ ಪಂದ್ಯಗಳಿದ್ದವು. ಅಕ್ಷರ ಬಾರದವನೂ ಬಯಲಾಟದ ಮಾತುಗಾರಿಕೆಯನ್ನು ಕಂಠಪಾಠ ಮಾಡುತ್ತಿದ್ದ. ಇವುಗಳಲ್ಲಿ ಹೆಣ್ಣುಮಕ್ಕಳಿಗೆ ಎಡೆ ತೀರ ಕಡಿಮೆಯಿತ್ತೆಂಬುದನ್ನು ಮರೆಯಬಾರದು. ಹಳೆಯದನ್ನು ಹೊಗಳುವ ಭರದಲ್ಲಿ ನಾವು ಇದನ್ನು ಬಿಟ್ಟುಬಿಡುತ್ತೇವೆ.

ನಿಜಾಮ ಸಂಸ್ಥಾನದ ಶಿಕ್ಷಣ ನೀತಿ ಈ ಹಿನ್ನೆಲೆಯಲ್ಲಿ ಗಮನಾರ್ಹ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದ್ದು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ ಆ ಪ್ರಯೋಗದ ಹಿರಿಮೆಯನ್ನು ಒಪ್ಪಿಕೊಂಡೇ ಹೇಳಬೇಕು: ಪ್ರಾಥಮಿಕ ಹಂತ ದಾಟಿದ ಕನ್ನಡದ ಹುಡುಗನಿಗೆ ಸರ್ಕಾರಿ ಶಾಲೆಯಲ್ಲಿ ಅವನ ಮನೆಮಾತು ಹಿಂದೆ ಸರಿಯುತ್ತಿತ್ತು. ಹೀಗಾಗಿ ಕನ್ನಡ ಉಳಿಯಬೇಕಾದದ್ದು ಸಂಘ, ವಾಚನಾಲಯ, ನಾಟಕ, ಭಜನೆಗಳಲ್ಲಿ. ಆ ಬಾಗಿಲಿಗೂ ಕಾವಲಿತ್ತು. 1920ರ ದಶಕದ ಕೊನೆಯ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯಂತೆ ಸಭೆ ಸೇರಲು ಸರ್ಕಾರದ ಅನುಮತಿ ಬೇಕಿತ್ತು. ಖಾಸಗಿ ಶಾಲೆಗೂ ಅನುಮತಿ, ಅಖಾಡಕ್ಕೂ ಅನುಮತಿ. ಹುಡುಗರು ಸಾಮು ಮಾಡುವ ಮಣ್ಣಿನ ಅಂಕಣವನ್ನೂ ಪ್ರಭುತ್ವ ಶಂಕೆಯಿಂದ ನೋಡಿತು ಎಂಬುದೇ ಆ ಅಂಕಣದ ಮಹತ್ವಕ್ಕೆ ಸಾಕ್ಷಿ. 1938-39ರ ಆರ್ಯಸಮಾಜದ ಸತ್ಯಾಗ್ರಹದ ಹಿಂದಿದ್ದ ದೂರುಗಳಲ್ಲಿ ಅಖಾಡ ಮತ್ತು ಖಾಸಗಿ ಶಾಲೆಗಳ ಮೇಲಿನ ಈ ನಿರ್ಬಂಧಗಳೂ ಸೇರಿದ್ದವು.

ಇಂತಹ ವಾತಾವರಣದಲ್ಲಿ ಪಂಡಿತ ತಾರಾನಾಥರು (1891-1942) 1920ರ ದಶಕದ ಆರಂಭದ ಸುಮಾರಿಗೆ ರಾಯಚೂರಿನಲ್ಲಿ ‘ಹಮ್‌ದರ್ದ್’ ಶಾಲೆಯನ್ನು ಕಟ್ಟಿದರು. ಹಮ್‌ದರ್ದ್ ಎಂದರೆ ನೋವಿನಲ್ಲಿ ಜೊತೆಯಾಗುವವನು. ಕನ್ನಡಿಗರು ಕಟ್ಟಿದ ಶಾಲೆಗೆ ಉರ್ದುವಿನ ಹೆಸರಿಟ್ಟುದರಲ್ಲಿ ಅವರ ಮನೋಧರ್ಮ ಕಾಣುತ್ತದೆ; ಆಡಳಿತದ ಭಾಷಾನೀತಿಯೊಂದಿಗೆ ಭಿನ್ನಾಭಿಪ್ರಾಯವಿದ್ದರೂ ಆ ಭಾಷೆಯೊಂದಿಗೆ ಅವರಿಗೆ ಜಗಳವಿರಲಿಲ್ಲ. ತಾರಾನಾಥರು ವೈದ್ಯರು, ಸಂಗೀತಜ್ಞರು, ‘ದೀನಬಂಧು ಕಬೀರ’ ನಾಟಕದ ಕರ್ತೃ, ‘ಪ್ರೇಮ’ ಪತ್ರಿಕೆಯ ಸಂಪಾದಕರು. ಮುಂದೆ ತುಂಗಭದ್ರೆಯ ದಡದಲ್ಲಿ ‘ಪ್ರೇಮಾಯತನ’ ಆಶ್ರಮವನ್ನು ಸ್ಥಾಪಿಸಿದರು. ಅವರ ಮಗ ರಾಜೀವ ತಾರಾನಾಥರು (1932-2024) ಇಂಗ್ಲಿಷ್ ಅಧ್ಯಾಪಕರಾಗಿದ್ದೂ ಸರೋದ್ ವಾದಕರಾಗಿ ಲೋಕಪ್ರಸಿದ್ಧರಾದರು. ಪಾಠ ಬೇರೆ, ಕಲೆ ಬೇರೆ ಎಂಬ ಗೋಡೆ ಆ ಮನೆಯಲ್ಲಿ ಇರಲಿಲ್ಲ.

1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಅಧ್ಯಕ್ಷ ಪೀಠದಲ್ಲಿದ್ದವರು ಪಂಜೆ ಮಂಗೇಶರಾಯರು. ಪಂಡಿತ ಪರಂಪರೆಯ ಹಿರಿಯರು ಅನೇಕರಿದ್ದ ಕಾಲದಲ್ಲಿ ಮಕ್ಕಳ ಪದ್ಯಗಳ ಕವಿಗೆ, ಶಾಲೆಗಳ ಇನ್‌ಸ್ಪೆಕ್ಟರರಾಗಿದ್ದವರಿಗೆ ಆ ಗೌರವ ಸಂದಿತು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ್ದವರು ಅವರು. ಹಾಡಿ, ಅಭಿನಯಿಸಿ ಪಾಠ ಹೇಳುವುದರಲ್ಲಿ ಹೆಸರಾದವರು. ಶಾಲೆಯಲ್ಲಿ ಕನ್ನಡಕ್ಕೆ ಎಡೆ ಕಡಿಮೆಯಿದ್ದ ನಾಡಿನಲ್ಲಿ ಮಕ್ಕಳ ಸಾಹಿತಿಯೊಬ್ಬರು ಸಮ್ಮೇಳನದ ಅಧ್ಯಕ್ಷರಾದುದು ಆಕಸ್ಮಿಕವಾಗಿದ್ದರೂ ಅರ್ಥಪೂರ್ಣ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು; ಆ ವರ್ಷದ ಸಮ್ಮೇಳನವೂ ಇಲ್ಲಿಯೇ ನಡೆಯಿತು, ಅಧ್ಯಕ್ಷರು ನಾಟಕಕಾರ ಶ್ರೀರಂಗರು.

ನಡುವೆ 1938ರ ಘಟನೆಯೊಂದನ್ನು ಸ್ಮರಿಸಬೇಕು. ಉಸ್ಮಾನಿಯಾ ವಿದ್ಯಾರ್ಥಿನಿಲಯದಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಕಿಚ್ಚು ಕಲಬುರಗಿಯ ಕಾಲೇಜಿಗೂ ಹಬ್ಬಿತು. ಹೊರಬಿದ್ದ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ನೀಡಿತು, ಅವರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು. ಅಲ್ಲಿ ಬಿಕ್ಕಟ್ಟು ಹುಟ್ಟಿದ್ದು ಪಾಠದಿಂದಲ್ಲ, ಪಾಠ ಮುಗಿದ ಮೇಲಿನ ಸಾಮೂಹಿಕ ಪ್ರಾರ್ಥನೆಯಿಂದ.

ಅನುಮತಿಯ ಕಾಲ 1948ಕ್ಕೆ ಮುಗಿಯಿತು. ಅನಂತರ ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್, 1969ರಿಂದ ರಾಷ್ಟ್ರೀಯ ಸೇವಾ ಯೋಜನೆ, ಈ ಶತಮಾನದ ಆರಂಭದಿಂದ ಪ್ರತಿಭಾ ಕಾರಂಜಿ ಬಂದವು. ಇವುಗಳ ಉಪಕಾರ ಸಣ್ಣದಲ್ಲ. ಆದರೆ ಪ್ರತಿಭಾ ಕಾರಂಜಿಯ ಬಗೆಗೆ ಒಂದು ಮಾತನ್ನು ಹೇಳದೆ ಇರಲಾರೆ. ಕ್ಲಸ್ಟರ್, ತಾಲೂಕು, ಜಿಲ್ಲೆ ಎಂದು ಮೇಲೇರುವ ಸ್ಪರ್ಧೆಯಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಹೆಚ್ಚಿನ ಮಕ್ಕಳು ಹಿಂದಿರುಗುತ್ತಾರೆ. ಗರಡಿಯಲ್ಲಿ ಸೋತವನು ಮರುದಿನ ಮತ್ತೆ ಮಣ್ಣಿಗೆ ಬರುತ್ತಿದ್ದ. ಬಯಲಾಟದಲ್ಲಿ ದನಿ ಕೆಟ್ಟವನಿಗೂ ಸೇನಾಪತಿಯ ಪಾತ್ರವಾದರೂ ಸಿಗುತ್ತಿತ್ತು. ಸಂಘವೆಂದರೆ ವರ್ಷಕ್ಕೊಮ್ಮೆಯ ಆಯ್ಕೆಯಲ್ಲ, ದಿನದಿನದ ಒಡನಾಟ ಎಂಬ ತಿಳಿವಳಿಕೆ ಆ ಹಳೆಯ ತಾಣಗಳಲ್ಲಿತ್ತು.

ಇಂದಿನ ತೊಡಕು ಬೇರೆ ಬಗೆಯದು. ಗ್ರಾಮೀಣ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಸುತ್ತಲಿನ ಹಳ್ಳಿಗಳಿಂದ ಬರುವವರು. ಗಂಟೆ ಬಾರಿಸಿದ ಮೇಲೆ ಆಟಕ್ಕೆ ನಿಂತರೆ ಊರಿಗೆ ಹೋಗುವ ಬಸ್ಸು ತಪ್ಪುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ತರಗತಿಯೇ ಬರಿದಾಗುವಾಗ ಮೈದಾನದ ಮಾತು ದೂರ. ಹುಡುಗಿಯರಿಗೆ ಮನೆಯಲ್ಲಿ ನೀರು, ತಮ್ಮ-ತಂಗಿಯರ ಪಾಲನೆ ಕಾದಿರುತ್ತವೆ. ‘ಆಟದಲ್ಲಿ ಪಾಲ್ಗೊಳ್ಳಿ’ ಎಂಬ ಪ್ರಾರ್ಥನಾ ಸಭೆಯ ಉಪದೇಶ ಇವರಿಗೆ ತಲುಪದಿರುವುದು ಉತ್ಸಾಹದ ಕೊರತೆಯಿಂದಲ್ಲ. ಸಂಘದ ವೇಳೆಯನ್ನು ವೇಳಾಪಟ್ಟಿಯ ಒಳಗೇ, ಮಧ್ಯಾಹ್ನದ ಒಂದು ಅವಧಿಗೆ ತಂದುಕೊಂಡರೆ ಬಸ್ಸಿಗೆ ಓಡಬೇಕಾದ ಹುಡುಗಿಯೂ ಖೋ-ಖೋ ಅಂಕಣದಲ್ಲಿ ಕೂತೆದ್ದು ಓಡಬಲ್ಲಳು.