ಎರಡು ಶಾಸ್ತ್ರ, ನಾಲ್ಕು ವರ್ಷ

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 1969ರಲ್ಲಿ ವಿಲಿಯಂ ಕೌವನ್‌ಹೋವನ್ ಅವರಿಗೆ ಗೌರವ ವೈದ್ಯ ಪದವಿ ಕೊಟ್ಟಾಗ ಅವರಿಗೆ 83 ವರ್ಷ. ಅವರು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುತ್ತಿದ್ದ ಕಾಲದಲ್ಲಿ, ಆ ಸಾವುಗಳ ಕಾರಣ ತಿಳಿಯಲು ವಿದ್ಯುತ್ ಕಂಪನಿಗಳು ಹಣ ಕೊಟ್ಟಿದ್ದವು. ಅಲ್ಲಿಂದ ಶುರುವಾದ ಸಂಶೋಧನೆ ಅವರನ್ನು ಹೃದಯದ ಬಳಿಗೆ ಕರೆತಂದಿತು. 1954ರಲ್ಲಿ ಎಂಜಿನಿಯರಿಂಗ್ ಡೀನ್ ಹುದ್ದೆಯಿಂದ ನಿವೃತ್ತರಾದ ಮೇಲೂ ಅವರು ಸುಮ್ಮನಿರದೆ ಆಸ್ಪತ್ರೆಯ ಸರ್ಜರಿ ಲ್ಯಾಬು ಸೇರಿದರು. ಎದೆ ಸೀಳದೆ ಹೊರಗಿನಿಂದಲೇ ಶಾಕ್ ಕೊಡುವ ಡಿಫಿಬ್ರಿಲೇಟರ್ ಅಲ್ಲಿ ರೂಪುಗೊಂಡಿತು. ಆ ಪ್ರಯೋಗಗಳ ನಡುವೆ ಗೈ ನಿಕರ್‌ಬಾಕರ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಭಾರವಾದ ಎಲೆಕ್ಟ್ರೋಡುಗಳನ್ನು ನಾಯಿಯ ಎದೆಗೆ ಒತ್ತಿದರೆ ಸಾಕು, ಶಾಕ್ ಕೊಡುವ ಮುನ್ನವೇ ರಕ್ತದೊತ್ತಡ ಏರುತ್ತಿತ್ತು. ಸರ್ಜನ್ ಜೇಮ್ಸ್ ಜೂಡ್ ಜೊತೆ ಸೇರಿ ಮೂವರೂ 1960ರಲ್ಲಿ ಪ್ರಕಟಿಸಿದ ಲೇಖನ ಎದೆ ಒತ್ತಿ ರಕ್ತ ಹರಿಸುವ ಇಂದಿನ ಸಿಪಿಆರ್‌ಗೆ ತಳಪಾಯ.

ಆ ತಲೆಮಾರು ಮೊದಲು ಒಂದು ಶಾಸ್ತ್ರದಲ್ಲಿ ಪಳಗಿತು, ಎರಡನೆಯದನ್ನು ಆಮೇಲೆ ಕಲಿಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಎಂಬ ಈ ಕ್ಷೇತ್ರ ಕಟ್ಟಿದ ಹರ್ಮನ್ ಶ್ವಾನ್ ಜರ್ಮನಿಯಿಂದ ಬಂದಾಗಲೇ ಪಳಗಿದ ಜೀವಭೌತಶಾಸ್ತ್ರಜ್ಞರಾಗಿದ್ದರು. 1960ರ ದಶಕದಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಅನುದಾನದಿಂದ ಬೆಳೆದ ತರಬೇತಿಯೂ ಪಿಎಚ್.ಡಿ. ಮಟ್ಟದ್ದೇ. ಒಂದು ಪದವಿಯ ಮೇಲೆ ಇನ್ನೊಂದನ್ನು ಪೇರಿಸುವ ಓದು ಅದು. ಎಷ್ಟು ವರ್ಷ ಹಿಡಿಯುತ್ತದೆ ಎಂಬ ಪ್ರಶ್ನೆ ಆಗ ಅಷ್ಟಾಗಿ ಕಾಡಲಿಲ್ಲ.

ಕಾಡತೊಡಗಿದ್ದು ಈ ವಿಷಯ ಬಿ.ಇ. ಮಟ್ಟಕ್ಕೆ ಇಳಿದಾಗ. ಕೇಸ್ ವೆಸ್ಟರ್ನ್‌ನಲ್ಲಿ 1968ರಲ್ಲಿ, ಹಾಪ್‌ಕಿನ್ಸ್‌ನಲ್ಲಿ 1970ರಲ್ಲಿ, ಡ್ಯೂಕ್‌ನಲ್ಲಿ 1971ರಲ್ಲಿ ಪ್ರತ್ಯೇಕ ವಿಭಾಗಗಳು ಹುಟ್ಟಿದವು. ಮರುವರ್ಷವೇ ಡ್ಯೂಕ್‌ನ ಪದವಿಗೆ ಎಂಜಿನಿಯರಿಂಗ್ ಮಾನ್ಯತೆ ಸಿಕ್ಕಿತು. ಮಾನ್ಯತೆ ಬೇಕೆಂದರೆ ಗಣಿತ, ಭೌತಶಾಸ್ತ್ರ, ಸರ್ಕ್ಯೂಟು, ವಿನ್ಯಾಸ ಯಾವುದನ್ನೂ ಬಿಡುವಂತಿಲ್ಲ. ಅದರ ಮೇಲೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಅಂಗಕ್ರಿಯಾಶಾಸ್ತ್ರ. ಮುಂದೆ ಮೆಡಿಕಲ್ ಓದುವ ಆಸೆಯಿದ್ದರೆ ಆರ್ಗ್ಯಾನಿಕ್ ಕೆಮಿಸ್ಟ್ರಿಯೂ ಸೇರುತ್ತದೆ. ವರ್ಷ ಮಾತ್ರ ನಾಲ್ಕೇ. ಒಂದು ಕೋರ್ಸು ಮುಗಿಯದೆ ಮುಂದಿನದಕ್ಕೆ ಹೆಸರು ಹಚ್ಚುವಂತಿಲ್ಲ. ಆ ಮುಂದಿನ ಕೋರ್ಸು ವರ್ಷಕ್ಕೊಮ್ಮೆ ಮಾತ್ರ ನಡೆಯುವುದಾದರೆ, ಒಂದು ಸೆಮಿಸ್ಟರಿನ ಎಡವಟ್ಟು ಇಡೀ ವರ್ಷವನ್ನೇ ನುಂಗುತ್ತದೆ. ಎರಡು ಶಾಸ್ತ್ರಗಳನ್ನು ಒಂದೇ ಚೌಕಟ್ಟಿಗೆ ತುಂಬಿದವರು ವಿಶ್ವವಿದ್ಯಾಲಯಗಳು. ಒತ್ತಡ ಬಿದ್ದದ್ದು ಹುಡುಗ ಹುಡುಗಿಯರ ಮೇಲೆ.

ಎಲ್ಲಿ ಓದಬೇಕೆಂಬ ಆಯ್ಕೆಯ ಗೊಂದಲ ಹೆಚ್ಚಿಸಿದ್ದು ಒಂದು ಉದಾರ ಕೈ. ವಿದ್ಯುತ್ ಕನೆಕ್ಟರ್ ತಯಾರಿಸುತ್ತಿದ್ದ ಎಎಂಪಿ ಕಂಪನಿಯ ಸ್ಥಾಪಕ ಅಂಕಸ್ ವಿಟೇಕರ್ 1975ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ ತನ್ನ ನಿಧಿಯನ್ನೆಲ್ಲ ಈ ಕ್ಷೇತ್ರಕ್ಕೆ ಸುರಿದು ಬಾಗಿಲು ಮುಚ್ಚುವ ತೀರ್ಮಾನ ಮಾಡಿತು. 2006ರಲ್ಲಿ ಮುಚ್ಚುವ ಹೊತ್ತಿಗೆ ಅದು ಖರ್ಚು ಮಾಡಿದ್ದು 70 ಕೋಟಿ ಡಾಲರಿಗೂ ಹೆಚ್ಚು. ಪ್ರಾಧ್ಯಾಪಕರು, ಕಟ್ಟಡ, ಹೊಸ ವಿಭಾಗ ಎಲ್ಲಕ್ಕೂ ಹಣ ಹರಿಯಿತು. ಕೆಲವೇ ಕಡೆ ಸಿಗುತ್ತಿದ್ದ ಓದು ದೇಶದುದ್ದಕ್ಕೂ ಹರಡಿತು.

ಈ ಹೊಸ ವಿಭಾಗಗಳಲ್ಲೆಲ್ಲ ಅಟ್ಲಾಂಟಾದ ಕಥೆ ವಿಶೇಷ. ಜಾರ್ಜಿಯಾ ಟೆಕ್ ಸರ್ಕಾರಿ ಸಂಸ್ಥೆ, ಅದಕ್ಕೆ ಮೆಡಿಕಲ್ ಕಾಲೇಜಿಲ್ಲ. ಎಮೊರಿ ಖಾಸಗಿ, ಅದಕ್ಕೆ ಎಂಜಿನಿಯರಿಂಗ್ ಕಾಲೇಜಿಲ್ಲ. 1997ರಲ್ಲಿ ಎರಡೂ ಸೇರಿ ಒಂದೇ ವಿಭಾಗ ಕಟ್ಟಿದವು. ಇಂದು ಅದಕ್ಕಿರುವ ಹೆಸರು ವ್ಯಾಲೇಸ್ ಕೌಲ್ಟರ್ ಅವರದು. ರಕ್ತಕಣಗಳನ್ನು ಎಣಿಸುವ ವಿಧಾನಕ್ಕೆ 1953ರಲ್ಲಿ ಪೇಟೆಂಟ್ ಪಡೆದ, ರೋಗ ಪತ್ತೆಯ ಲ್ಯಾಬುಗಳ ಚಹರೆಯನ್ನೇ ಬದಲಿಸಿದ ಈ ಮನುಷ್ಯ ಜಾರ್ಜಿಯಾ ಟೆಕ್‌ನಲ್ಲಿ ಓದಿದ್ದು ನಿಜ. ಆದರೆ ಪದವಿ ಮುಗಿಸಲಿಲ್ಲ.

ಪದವಿ ಮುಗಿಸುವ ಲೆಕ್ಕ ಕಾನೂನಿನ ಮಾತಾದದ್ದು 1990ರಲ್ಲಿ. ಎಷ್ಟು ಮಂದಿ ಪದವಿ ಪಡೆದರೆಂದು ಕಾಲೇಜುಗಳು ಬಹಿರಂಗಪಡಿಸಬೇಕೆಂದು ಅಮೆರಿಕದ ಸಂಸತ್ತು ವಿಧಿಸಿತು. ಆದರೆ ಅಳತೆಗೆ ಹಿಡಿದದ್ದು ನಿಗದಿತ ಅವಧಿಯ ಒಂದೂವರೆ ಪಟ್ಟು, ಅಂದರೆ ನಾಲ್ಕು ವರ್ಷದ ಪದವಿಗೆ ಆರು ವರ್ಷ. ಇಂದಿಗೂ ಕಾಲೇಜುಗಳ ಮಾಹಿತಿಯಲ್ಲಿ ಎದ್ದು ಕಾಣುವುದು ಈ ಆರು ವರ್ಷದ ಅಂಕಿ. ಅದು ಇಡೀ ಸಂಸ್ಥೆಯ ಸರಾಸರಿ. ಬಯೋಮೆಡಿಕಲ್ ವಿಭಾಗದ ಸ್ಥಿತಿ ಅದರಿಂದ ತಿಳಿಯದು.

ತಡವಾದದ್ದೆಲ್ಲ ನಷ್ಟವೂ ಅಲ್ಲ. ಸಿನ್ಸಿನಾಟಿಯಲ್ಲಿ 1906ರಲ್ಲೇ ಹರ್ಮನ್ ಶ್ನೈಡರ್ ತರಗತಿ ಮತ್ತು ಕಾರ್ಖಾನೆಯ ಕೆಲಸವನ್ನು ಸರದಿಯಂತೆ ನಡೆಸುವ ಕೋ-ಆಪ್ ಪದ್ಧತಿ ಶುರುಮಾಡಿದರು. ಅಲ್ಲಿ ಎಂಜಿನಿಯರಿಂಗ್ ಮುಗಿಯಲು ಐದು ವರ್ಷ, ಆದರೆ ನಡುನಡುವೆ ಸಂಬಳವೂ ಉಂಟು, ಅನುಭವವೂ ಉಂಟು. ಬೇಕಾದ ಕೋರ್ಸು ಆ ಸೆಮಿಸ್ಟರಿನಲ್ಲಿ ಇಲ್ಲವೆಂದು ಕಾದು ಕೂತ ಐದನೇ ವರ್ಷಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ವರ್ಷಗಳ ಲೆಕ್ಕದಲ್ಲಿ ಮಾತ್ರ ಎರಡೂ ಐದೇ.

ಕರ್ನಾಟಕದಲ್ಲಿ ಈ ಓದಿನ ಹತ್ತಿರದ ನೆಂಟ ಮೆಡಿಕಲ್ ಎಲೆಕ್ಟ್ರಾನಿಕ್ಸ್. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಅದನ್ನು ಓದಿ ಅಮೆರಿಕದ ಎಂ.ಎಸ್.ಗೆ ಅರ್ಜಿ ಹಾಕುವವರು ರ‍್ಯಾಂಕಿಂಗ್ ಪಟ್ಟಿಗಿಂತ ಮೊದಲು ಕೋರ್ಸುಗಳ ವೇಳಾಪಟ್ಟಿ ತರಿಸಿ ನೋಡುವುದು ಒಳ್ಳೆಯದು. ಇಲ್ಲಿ ಓದದ ಜೀವಶಾಸ್ತ್ರದ ಕೋರ್ಸುಗಳನ್ನು ಅಲ್ಲಿ ಮೊದಲು ಮುಗಿಸಬೇಕೇ, ಅವು ಯಾವ ಸೆಮಿಸ್ಟರಿನಲ್ಲಿ ನಡೆಯುತ್ತವೆ, ಆ ಕ್ರೆಡಿಟ್‌ಗಳು ಪದವಿಯ ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನು ವಿಭಾಗದ ಸಲಹೆಗಾರರಿಂದ ಬರಹದಲ್ಲೇ ಪಡೆಯಬಹುದು. ಹೊರದೇಶದ ವಿದ್ಯಾರ್ಥಿಗೆ ಹೆಚ್ಚುವರಿ ಸೆಮಿಸ್ಟರ್ ಎಂದರೆ ಇನ್ನೊಂದು ಕಂತು ಶುಲ್ಕ, ಇನ್ನಷ್ಟು ತಿಂಗಳ ಬಾಡಿಗೆ, ಊರಿನಲ್ಲಿ ಬೆಳೆಯುವ ಸಾಲದ ಬಡ್ಡಿ.