ಸೂಳೆಕೆರೆಯ ಋಣ

ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ನಿಲ್ಲುವುದುಂಟು. ಕೆರೆಗಾಗಿ ನೆಲ ಬಿಟ್ಟವರ ಹೆಸರು ನಿಲ್ಲುವುದು ಅಪರೂಪ. ಈ ಮಾತಿಗೆ ನಮ್ಮ ನಾಡಿನಲ್ಲಿ ಒಂದು ಅಪವಾದವುಂಟು. ಅದು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಸರ್ಕಾರದ ಕಡತಗಳಲ್ಲಿ ಇದಕ್ಕೆ ಶಾಂತಿಸಾಗರವೆಂದು ಹೆಸರು. ಐವತ್ತು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿರುವ ಚಿತ್ರದುರ್ಗ ನಗರವು ಕುಡಿಯುವ ನೀರಿನಲ್ಲಿ ಈ ಕೆರೆಯ ಪಾಲೂ ಸೇರಿದೆ.

ಚನ್ನಗಿರಿಯಿಂದ ಉತ್ತರಕ್ಕೆ ಹೊರಟವರಿಗೆ ಬೆಟ್ಟಗಳ ಸಾಲೊಂದು ಎದುರಾಗುತ್ತದೆ. ಸುತ್ತಣ ನೆಲದ ನೀರನ್ನೆಲ್ಲ ಕೂಡಿಸಿಕೊಂಡು ಬರುವ ಹರಿದ್ರಾ ಎಂಬ ಹಳ್ಳವು ಆ ಸಾಲನ್ನು ಒಂದು ಕಣಿವೆಯಲ್ಲಿ ಸೀಳಿಕೊಂಡು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಆ ಕಣಿವೆಯ ಬಾಯನ್ನು ಮುಚ್ಚಿದರೆ ಸಾಕು, ಹಿಂದಿನ ಬಯಲೆಲ್ಲ ಕಡಲಾಗುತ್ತದೆ. ಸುಮಾರು 12ನೆಯ ಶತಮಾನದಲ್ಲಿ ಯಾರೋ ಇದನ್ನು ಕಂಡರು, ಕಂಡದ್ದನ್ನು ಕಟ್ಟಿದರು. ಏರಿಯ ಉದ್ದ ಹೆಚ್ಚೇನೂ ಇಲ್ಲ. ಅದರ ಅಗಲ ಮತ್ತು ಎತ್ತರ ಮಾತ್ರ ನೋಡಿದವರನ್ನು ಬೆರಗುಗೊಳಿಸುವಂಥವು. ಆ ಗಿಡ್ಡ ಏರಿಯ ಹಿಂದೆ ಸುಮಾರು 6,550 ಎಕರೆಯಷ್ಟು ನೀರು ಹರಡಿ ನಿಲ್ಲುತ್ತದೆ. ಮಳೆಯ ನೀರನ್ನು ಕೆರೆಗೆ ತಂದೊಪ್ಪಿಸುವ ಭೂಮಿ ಸುಮಾರು 330 ಚದರ ಕಿಲೋಮೀಟರು, ಎಂದರೆ ಕೆರೆಯ ಹರವಿನ ಹನ್ನೆರಡು ಪಟ್ಟು. ನೀರನ್ನು ಹೊರಕ್ಕೆ ಬಿಡಲು ಎರಡು ತೂಬುಗಳು. ಅವುಗಳಿಂದ ಹೊರಟವು ಸಿದ್ಧನಾಲೆ ಮತ್ತು ಬಸವನಾಲೆ.

ಮೈಸೂರು ಗ್ಯಾಸೆಟಿಯರನ್ನು ಬರೆದ ಬಿ. ಎಲ್. ರೈಸ್ ಅವರ ಕಾಲದಲ್ಲಿ ಈ ಕೆರೆಯ ಸುತ್ತಳತೆಯನ್ನು 40 ಮೈಲಿಯೆಂದು ಹೇಳುತ್ತಿದ್ದರು. ಆಂಧ್ರದ ಕಂಬಂ ಕೆರೆಯನ್ನು ಬಿಟ್ಟರೆ ದಕ್ಷಿಣ ಭಾರತದಲ್ಲಿ ಇದೇ ದೊಡ್ಡದೆಂದು ಎಣಿಸಿದ್ದರು. 19ನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಈ ಪ್ರಾಚೀನ ನಿರ್ಮಾಣವನ್ನು ಮನಸಾರೆ ಮೆಚ್ಚಿಕೊಂಡರು. 1898ರಲ್ಲಿ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಕೆಲಸ ಹಿಡಿದು 1907ರ ಹೊತ್ತಿಗೆ ಮುಗಿಸಿದ ಇಂಜಿನಿಯರುಗಳು ಅನುಸರಿಸಿದ್ದೂ ಇದೇ ಉಪಾಯವನ್ನು: ಬೆಟ್ಟಗಳೆರಡು ಹತ್ತಿರ ಬರುವ ಕಡೆ ಕಟ್ಟು, ಹಿಂದಿನ ಬಯಲನ್ನು ತುಂಬಿಸು.

ಇಷ್ಟು ಕಲ್ಲುಮಣ್ಣಿನ ಮಾತಾಯಿತು. ಆದರೆ ಕಣಿವೆಯ ಹಿಂದಿನ ಬಯಲು ಬರಿದಾಗಿರಲಿಲ್ಲ. ಅಲ್ಲಿ ಸ್ವರ್ಗಾವತಿ ಎಂಬ ಪಟ್ಟಣವಿತ್ತು ಎನ್ನುತ್ತದೆ ಐತಿಹ್ಯ. ಆ ಪಟ್ಟಣದ ಅರಸನ ಮಗಳು ಶಾಂತವ್ವೆ ಕೆರೆ ಕಟ್ಟಿಸಿದಳು ಎಂಬಲ್ಲಿಯ ತನಕ ಎಲ್ಲ ಕಥೆಗಳೂ ಜೊತೆಯಾಗಿ ನಡೆಯುತ್ತವೆ. ಹೆಸರಿನ ವಿಷಯ ಬಂದೊಡನೆ ಅವು ಬೇರೆಬೇರೆ ದಾರಿ ಹಿಡಿಯುತ್ತವೆ. ಒಂದು ಕಥೆಯಲ್ಲಿ ಮಗಳು ತಾನು ಒಲಿದ ದೈವಪುರುಷನೊಬ್ಬನನ್ನು ಕೂಡುತ್ತಾಳೆ. ಅದರ ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸುತ್ತಾಳೆ. ಊರು ಮುಳುಗಿದ್ದನ್ನೂ ಮಾನ ಹೋದದ್ದನ್ನೂ ಸಹಿಸದ ತಂದೆ ಅವಳನ್ನು ಸೂಳೆಯೆಂದು ಶಪಿಸುತ್ತಾನೆ. ಇನ್ನೊಂದು ಕಥೆಯಲ್ಲಿ ಕೆರೆಗೆ ಬೇಕಾದ ನೆಲ ಸೂಳೆಯರದು. ಶಾಂತವ್ವೆ ಅವರನ್ನು ಕೇಳಿಕೊಳ್ಳುತ್ತಾಳೆ. ಅವರು ಹೊನ್ನು ಕೇಳುವುದಿಲ್ಲ. ಕೆರೆಗೆ ತಮ್ಮ ಹೆಸರಿರಬೇಕು ಎಂಬ ಒಂದೇ ಕರಾರಿನ ಮೇಲೆ ಮನೆಮಾರು ಬಿಟ್ಟೇಳುತ್ತಾರೆ.

ಒಂದರಲ್ಲಿ ಹೆಸರು ತಂದೆಯ ಶಾಪ. ಇನ್ನೊಂದರಲ್ಲಿ ಅದು ನೆಲದ ಬೆಲೆ. ಇವೆರಡರಲ್ಲಿ ಯಾವುದನ್ನೂ ಇತಿಹಾಸವೆಂದು ಕೊಳ್ಳಲಾಗದು. ಆದರೂ ಎರಡನೆಯ ಕಥೆಯನ್ನು ಕಟ್ಟಿದ ಜನ ಒಂದು ಸತ್ಯವನ್ನು ಬಲ್ಲವರಾಗಿದ್ದರು: ಕೆರೆಯೊಂದು ತುಂಬಬೇಕಾದರೆ ಯಾರದೋ ಅಂಗಳ ಮುಳುಗಲೇಬೇಕು, ಮುಳುಗಿದ ಅಂಗಳಕ್ಕೆ ಏನಾದರೂ ಸಲ್ಲಲೇಬೇಕು.

ಆ ಕಾಲದಲ್ಲಿ ಈ ಪದ ಇಂದಿನಂತೆ ಬರಿಯ ಬೈಗುಳವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ದೇಗುಲದ ನೃತ್ಯಗೀತಗಳ ಸೇವೆಗೆ ನಿಂತ ಸೂಳೆಯರಿಗೆ ಭೂಮಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿದೆ. ಅವರು ಕೊಟ್ಟದ್ದೂ ಇದೆ: ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಮಹಾಕೂಟದ ದೇವರಿಗೆ ರತ್ನಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ದಾನವಿತ್ತಳು. 12ನೆಯ ಶತಮಾನದ ಶರಣರ ನಡುವೆ ಸೂಳೆ ಸಂಕವ್ವೆ ಎಂಬ ವಚನಕಾರ್ತಿಯಿದ್ದಳು. ಆಕೆಯ ಹೆಸರಿನ ಹಿಂದಣ ಪದವನ್ನು ಯಾರೂ ಅಳಿಸಲಿಲ್ಲ.

ಈಗ ನೀರು ಕುಡಿಯುವ ನಗರದತ್ತ ಬರೋಣ. ಚಿತ್ರದುರ್ಗವೆಂದರೆ ಬಂಡೆಯ ಊರು. ಮಳೆ ಕಡಮೆ, ಹೊಳೆಯಿಲ್ಲ. ಆದುದರಿಂದಲೇ ಕೋಟೆಯ ಜನ ಬಂಡೆಯ ಮೇಲೆ ಬಿದ್ದ ಹನಿಯನ್ನೂ ಲೆಕ್ಕವಿಟ್ಟರು. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕಿಳಿಯುತ್ತ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆಹೊಂಡಕ್ಕೆ. ಆದರೆ ಬೆಳೆದ ಊರಿಗೆ ಹೊಂಡಗಳು ಸಾಲಲಿಲ್ಲ. ಒಂದು ಕಡೆಯಿಂದ ವಾಣಿವಿಲಾಸ ಸಾಗರ, ಇನ್ನೊಂದು ಕಡೆಯಿಂದ ಸೂಳೆಕೆರೆ ಅದರ ನೆರವಿಗೆ ಬಂದವು. ಹೊಂಡದ ನೀರು ತಾನಾಗಿ ಇಳಿದು ಬರುತ್ತಿತ್ತು. ಸೂಳೆಕೆರೆಯ ನೀರನ್ನು ಪಂಪುಗಳು ಕೊಳವೆಯಲ್ಲಿ ಮೇಲಕ್ಕೆ ನೂಕಬೇಕು. ಇಳಿದು ಬರುವ ನೀರು ಕಣ್ಣಿಗೆ ಕಾಣುತ್ತದೆ. ಕೊಳವೆಯ ನೀರು ಎಲ್ಲಿಂದ ಬಂತೆಂಬುದನ್ನು ಮರೆಯುವುದು ಸುಲಭ.

ಈ ಮರೆವಿನ ಬೆಲೆ ಸಣ್ಣದಲ್ಲ. ಒಂದೇ ಜಿಲ್ಲೆಯಲ್ಲಿ ಹೊನ್ನಾಳಿ, ನ್ಯಾಮತಿಗಳ ಕಡೆ ತುಂಗಭದ್ರೆ ಹರಿಯುತ್ತಾಳೆ; ಜಗಳೂರಿನಲ್ಲಿ ಮುಗಿಲು ನೋಡುತ್ತ ವರ್ಷಗಳು ಕಳೆಯುತ್ತವೆ. ಹರಿಹರದ ಬಳಿಯಿಂದ ಹೊಳೆಯ ನೀರನ್ನೆತ್ತಿ ಜಗಳೂರಿನ ಕೆರೆಗಳಿಗೆ ತುಂಬಿಸಬೇಕಾಯಿತು. ಸೂಳೆಕೆರೆಗಾದರೂ ಈಗ ಮಳೆಯೊಂದೇ ಆಸರೆಯಲ್ಲ, ಭದ್ರಾ ನಾಲೆಯ ನೀರೂ ಬರುತ್ತದೆ. ಹೀಗೆ ಹೊರಗಿನಿಂದ ನೀರು ಬರುತ್ತಿದ್ದರೂ ಒಳಗೆ ಹೂಳು ಕುಳಿತಿದೆ, ಅಂಚಿನಲ್ಲಿ ಒತ್ತುವರಿ ನಡೆದಿದೆ. ಕೆರೆಯ ಗಡಿಯನ್ನು ಅಳೆದು ಗುರುತಿಸಿರೆಂದು ಚನ್ನಗಿರಿಯ ಸುತ್ತಣ ಜನ ಹೋರಾಡಿದ್ದಾರೆ. ಒಮ್ಮೆ ಕೆರೆಗೆಂದು ಮನೆ ಬಿಟ್ಟವರ ಕಥೆ ಹೇಳುವ ನೆಲದಲ್ಲಿ ಈಗ ಕೆರೆಯೇ ತನ್ನ ನೆಲವನ್ನು ಬಿಟ್ಟುಕೊಡುತ್ತಿದೆ.

ಶಾಂತಿಸಾಗರವೆಂಬುದು ಒಳ್ಳೆಯ ಹೆಸರೇ. ಅದರಲ್ಲಿ ಶಾಂತವ್ವೆಯ ನೆನಪಿದೆ. ಆದರೆ ಕಟ್ಟಿಸಿದವಳ ಹೆಸರನ್ನು ಉಳಿಸಿಕೊಂಡು ನೆಲ ಕೊಟ್ಟವರ ಹೆಸರನ್ನು ನಾಚಿಕೆಯಿಂದ ಬಿಟ್ಟುಬಿಟ್ಟರೆ, ಕಥೆಯ ಕರಾರು ಮುರಿದಂತೆ. ಹಳ್ಳಿಯವರು ಇಂದಿಗೂ ಸೂಳೆಕೆರೆಯೆಂದೇ ಅನ್ನುತ್ತಾರೆ. ಅವರ ದನಿಯಲ್ಲಿ ಸಂಕೋಚವಿಲ್ಲ. ಆ ಹೆಸರನ್ನು ಆಡುವಾಗಲೆಲ್ಲ ಅವರು ಯಾರದೋ ಹಳೆಯ ಬಾಕಿಯನ್ನು ತೀರಿಸುತ್ತಿದ್ದಾರೆ. ನೀರು ಕುಡಿಯುವ ನಗರಕ್ಕೂ ಆ ಬಾಕಿಯಲ್ಲಿ ಪಾಲಿದೆ.