ಆಷಾಢದ ತೇರು, ತವರಿನ ಕರೆ

ಮದುವೆಯಾದ ಮೊದಲ ವರ್ಷ ಹಬ್ಬ ಯಾರ ಮನೆಯಲ್ಲಿ? ಕ್ರಿಸ್‌ಮಸ್ ಮಾಡುವ ಮನೆಗಳಲ್ಲೂ ಯುಗಾದಿ ಮಾಡುವ ಮನೆಗಳಲ್ಲೂ ಎರಡು ಕಡೆಯ ಹಿರಿಯರು ಹೊಸ ಜೋಡಿಗಾಗಿ ಬಾಗಿಲು ಕಾಯುತ್ತಾರೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಸೀಮೆಯೂ ಸೇರಿದಂತೆ ಹಳೇ ಮೈಸೂರಿನಲ್ಲಿ ಈ ಪ್ರಶ್ನೆಯನ್ನು ಪಂಚಾಂಗವೇ ಬಗೆಹರಿಸಿಟ್ಟಿದೆ. ಆಷಾಢ ಹುಟ್ಟುವ ಮೊದಲೇ ಸೊಸೆ ತವರಿಗೆ ಹೊರಡಬೇಕು. ಆ ತಿಂಗಳ ಕೊನೆಗೆ ಭೀಮನ ಅಮಾವಾಸ್ಯೆ, ಗಂಡನ ಪೂಜೆ. ಭಾದ್ರಪದದಲ್ಲಿ ಗೌರಿ ಬಾಗಿನ. ದೀಪಾವಳಿಗೆ ಅಳಿಯನಿಗೆ ಎಣ್ಣೆ ನೀರು, ಹೊಸ ಬಟ್ಟೆ. ಇದನ್ನೆಲ್ಲ ಅಳಿಯನ ಉಪಚಾರವೆಂದೇ ಹೇಳಿಕೊಂಡು ಬಂದಿದ್ದೇವೆ. ಆದರೆ ಈ ಹಬ್ಬಗಳ ಸಾಲಿನ ನಡುವೆ ನಿಂತಿರುವವಳು ಮಗಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಸಮಾಜದಲ್ಲೇ, ಅವಳು ಇನ್ನೂ ನಮ್ಮವಳೆಂದು ತವರು ವರ್ಷಕ್ಕೆ ಹಲವು ಸಲ ಸಾರಿ ಹೇಳಲು ಕಟ್ಟಿಕೊಂಡ ಏರ್ಪಾಡು ಇದು ಎಂಬುದು ನನ್ನ ವಾದ.

ಮದುವಣಗಿತ್ತಿಯ ವಯಸ್ಸನ್ನು ನೆನೆದರೆ ಇದರ ಅಗತ್ಯ ತಿಳಿಯುತ್ತದೆ. 8 ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ ತಡೆಯಲು ಮೈಸೂರು ಸಂಸ್ಥಾನ 1894ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಒಕ್ಕಲು ಮನೆಗಳಲ್ಲಿ ವಯಸ್ಸು ಅಷ್ಟು ಎಳೆಯದಾಗಿರದಿದ್ದರೂ, ಗುರುತಿಲ್ಲದ ಊರಿನ ಅಡುಗೆಮನೆಗೆ ಕಾಲಿಟ್ಟ ಹುಡುಗಿಗೆ ತವರಿನ ಕರೆ ಎಂದರೆ ಉಸಿರಾಡುವ ಬಿಡುವು. ಅದಕ್ಕೆ ಸಾಕ್ಷಿ ಗೌರಿ ಹಬ್ಬದ ಮೊರದ ಬಾಗಿನ. ಅರಿಶಿನ ಸವರಿದ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ; ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡಬೇಕು. ಅಳಿಯನಿಗೆಂದು ಅದರಲ್ಲಿ ಏನೂ ಇಲ್ಲ. ಮಗಳು ಬರಲಾಗದಿದ್ದರೆ ಅಣ್ಣನೋ ತಮ್ಮನೋ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಾನೆ, ಹಾಗೆಯೇ ಅವಳು ಹೇಗಿದ್ದಾಳೆಂದು ಕಣ್ಣಾರೆ ನೋಡಿಯೂ ಬರುತ್ತಾನೆ.

ಆಷಾಢದ ಅಗಲಿಕೆಗೆ ಬೇರೆ ಕಾರಣಗಳನ್ನೂ ಹೇಳುತ್ತಾರೆ. ಆ ತಿಂಗಳು ಬಸುರಾದರೆ ಸುಡುಬೇಸಿಗೆಯಲ್ಲಿ ಹೆರಿಗೆಯಾಗುತ್ತದೆ ಎಂಬುದು ಒಂದು. ಲೆಕ್ಕ ಸರಿಯೇ. ಆದರೆ ಬೇಸಿಗೆಯ ಹೆರಿಗೆ ಎರಡನೆಯ, ಮೂರನೆಯ ವರ್ಷವೂ ಅಷ್ಟೇ ಕಷ್ಟ. ಅಗಲಿಕೆಯ ಕಟ್ಟುಪಾಡು ಮಾತ್ರ ಮೊದಲ ವರ್ಷಕ್ಕೇ ಬಿಗಿ. ಗಂಡನ ಗಮನ ಹೊಲದ ಕೆಲಸದ ಮೇಲಿರಲಿ ಎಂಬ ಬೇಸಾಯದ ಕಾರಣವೂ ಅರ್ಧದಾರಿಗೆ ನಿಲ್ಲುತ್ತದೆ: ಕಪಿಲೆ ತುಂಬಿ ಹುಲ್ಲಹಳ್ಳಿ ಅಣೆಕಟ್ಟೆಯ ನಾಲೆಗೆ ನೀರು ಹರಿದು ಗದ್ದೆ ಕೆಲಸ ಏರುವ ಹೊತ್ತಿನಲ್ಲಿ ದುಡಿಯುವ ಎರಡು ಕೈಗಳನ್ನು ಅತ್ತೆಮನೆ ಬಿಟ್ಟುಕೊಡುತ್ತದೆಂದರೆ, ತವರಿನ ಹಕ್ಕು ಎಷ್ಟು ಗಟ್ಟಿಯಿದ್ದಿರಬೇಕು! ಮದುವೆಗೆ ನಿಷಿದ್ಧ ಕಾಲವಿಡುವುದು ನಮ್ಮಲ್ಲಿ ಮಾತ್ರವೂ ಅಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ವಿಜೃಂಭಣೆಯ ಮದುವೆ ಬೇಡವೆಂಬ ಹಳೆಯ ಕಟ್ಟಳೆಯನ್ನು ಕಥೋಲಿಕರ ಟ್ರೆಂಟ್ ಮಹಾಸಭೆ 1563ರಲ್ಲಿ ಎತ್ತಿಹಿಡಿಯಿತು. ಆದರೆ ಅಲ್ಲಿ ತಡೆದದ್ದು ಮದುವೆಯ ಸಂಭ್ರಮವನ್ನು. ಇಲ್ಲಿ ಆಗಿಹೋದ ಮದುವೆಯ ನಡುವೆಯೇ ತವರು ಕೈಯಿಡುತ್ತದೆ. ಇನ್ನು ಖರ್ಚಿನ ಆಕ್ಷೇಪ, ಅದು ನಿಜವಾದದ್ದು. ಕರೆಯುವ ಹಕ್ಕು ಕೊಡಲೇಬೇಕಾದ ಸಾಲವಾಗಿ, ಹಬ್ಬಕ್ಕೊಂದು ಉಂಗುರ, ಹಬ್ಬಕ್ಕೊಂದು ಗಾಡಿ ಎಂದು ಬೆಳೆದ ಮನೆಗಳಿವೆ. ಅಂಥ ಕಡೆ ಪದ್ಧತಿಯ ಹೆಸರಿನಲ್ಲಿ ನಡೆಯುವುದು ವರದಕ್ಷಿಣೆಯೇ. 1961ರ ಕಾಯ್ದೆ ನಿಷೇಧಿಸಿದ್ದನ್ನು ಸಂಪ್ರದಾಯ ಎಂದು ಕರೆದು ಉಳಿಸಿಕೊಳ್ಳಬಾರದು. ಮೊರದ ಬಾಗಿನದಲ್ಲಿ ಇರುವುದು ಅಕ್ಕಿ ಬೆಲ್ಲವೇ ಹೊರತು ಚಿನ್ನದ ಪಟ್ಟಿಯಲ್ಲ.

ಎರಡು ಮನೆಗಳ ಈ ಹಗ್ಗಜಗ್ಗಾಟದಲ್ಲಿ ಜೋಡಿಗೆಂದೇ ಉಳಿದ ಜಾಗ ಚಾಮರಾಜನಗರದ ತೇರು ಬೀದಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಅದರ ದೊಡ್ಡ ತೇರು ಹರಿಯುವುದು ಮಂಗಳಕಾರ್ಯಗಳಿಗೆ ಸಲ್ಲದೆನ್ನುವ ಆಷಾಢದಲ್ಲೇ. ಹಾಗಾಗಿ ಅಗಲಿದ ಹೊಸ ಮದುಮಕ್ಕಳು ಅವರವರ ಮನೆಯವರೊಡನೆ ಬಂದು ಅಲ್ಲಿ ಕೂಡುತ್ತಾರೆ. ಬಾಳೆಹಣ್ಣಿಗೆ ಜವನದ ಕಡ್ಡಿ ಸಿಕ್ಕಿಸಿ, ಇಬ್ಬರೂ ಕತ್ತೆತ್ತಿ, ತೇರಿನ ಕಳಸಕ್ಕೆ ಗುರಿಯಿಟ್ಟು ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದ ಮೇಲೆ ಐದು ವರ್ಷ ರಥೋತ್ಸವ ನಿಂತಿತು. ಆ ಐದು ಆಷಾಢಗಳ ಜೋಡಿಗಳಿಗೆ ಕಳಸ ಸಿಗಲಿಲ್ಲ. 2022ರಲ್ಲಿ ಹೊಸ ತೇರು ಬೀದಿಗಿಳಿದಾಗ ಹಣ್ಣು ಜವನ ಹಿಡಿದ ಕೈಗಳು ಮತ್ತೆ ಮೇಲೆದ್ದವು.